ಚಳಿಗೆ ತಡವರಿಸಿದ ಮುಳ್ಳು

ಅಥಣಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಚಹಾದಂಗಡಿಯ ಸ್ಟೋವ್ ಇನ್ನೂ ಹೊತ್ತಿಲ್ಲ. ಭೂಪಾಲ ಮಗದುಮ್ಮ ಅವರ ಗಡಿಯಾರದಂಗಡಿಯ ಹಲಗೆಗಳು ಮಾತ್ರ ಆಗಲೇ ಸರಿದಿವೆ. ಕಿವಿಗೆ ಮಫ್ಲರ್ ಸುತ್ತಿಕೊಂಡ ಭೂಪಾಲ, ರಾತ್ರಿಯಿಡೀ ಕಿಟಕಿಯ ಕಲ್ಲಿನ ಮೇಲೆ ಗಾಜಿನ ಬಟ್ಟಲು ಮುಚ್ಚಿ ಇಟ್ಟಿದ್ದ ಕೈಗಡಿಯಾರವನ್ನು ಕರವಸ್ತ್ರದಲ್ಲಿ ಹಿಡಿದು ಎತ್ತುತ್ತಾರೆ. ಬರಿಗೈಯ ಬಿಸಿ ಅದಕ್ಕೆ ತಾಗಬಾರದು. ಮೇಜಿನ ದೀಪವನ್ನೂ ಹಚ್ಚುವುದಿಲ್ಲ. ನಸುಬೆಳಕಿನಲ್ಲೇ ಗುಂಡಿ ಒತ್ತುತ್ತಾರೆ. ಮುಳ್ಳು ಕದಲುವುದಿಲ್ಲ. ಒಂದು ಕ್ಷಣ ತಡೆದು, ಆಮೇಲೆ ಹೊರಡುತ್ತದೆ.

“ಸಿಕ್ಕಬಿತ್ತ ನೋಡ್ರಿ ಕಳ್ಳ!” ಎಂದು ಭೂಪಾಲ ನಗುತ್ತಾರೆ. “ಬಿಸಲಾಗ ಸಾಚಾ, ಚಳಿಯೊಳಗ ಸುಳ್ಳ. ಇಂಥಾ ವಾಚ್ ನಾ ನೋಡಿದ್ದೇ ಇಲ್ರಿ.”

ಇದು ಸಾಮಾನ್ಯ ವಾಚಲ್ಲ. ಕೀಲಿ ಕೊಡುವ ತಿರುಪಿನ ಮೇಲೊಂದು, ಕೆಳಗೊಂದು ಗುಂಡಿ. ಮೇಲಿನದನ್ನು ಒತ್ತಿದರೆ ನಡುವಿನ ಉದ್ದ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಮರಳುತ್ತದೆ. ಕಂಪನಿಯವರು ಇದನ್ನು ಕ್ರೋನೊಗ್ರಾಫ್ ಅನ್ನುತ್ತಾರೆ. ಈ ಸೀಮೆಯಲ್ಲಿ ಮಾತ್ರ ಇದು ಶರ್ಯತ್ತಿನ, ಅಂದರೆ ಓಟದ ಪಂದ್ಯದ, ವಾಚು. ಸತ್ತಿ ಗ್ರಾಮದ ಕಬ್ಬು ಬೆಳೆಗಾರ ಕಾಕಾಸಾಹೇಬರು ಮುಂಬೈಯಿಂದ ತರಿಸಿಕೊಂಡದ್ದು. ಜೋಡೆತ್ತಿನ ಗಾಡಿ ಶರ್ಯತ್ತಿನಲ್ಲಿ ಚೀಟಿ ಎತ್ತಿ ಗಾಡಿಗಳನ್ನು ಒಂದೊಂದಾಗಿ ಓಡಿಸುತ್ತಾರೆ. ವೇಳೆ ಹಿಡಿಯುವವರು ಕಾಕಾಸಾಹೇಬರು. ಅವರು ಹೇಳಿದ್ದೇ ತೀರ್ಪು.

ಹೋದ ವರ್ಷ ಆ ತೀರ್ಪಿಗೇ ಕುತ್ತು ಬಂತು. ನಸುಕಿನಲ್ಲಿ ಮೊದಲು ಓಡಿದ್ದು ಕಾಕಾಸಾಹೇಬರ ಅಳಿಯ ನಾಮದೇವನ ಗಾಡಿ, ಗೆದ್ದದ್ದೂ ಅದೇ. ಸೋತವರಲ್ಲೊಬ್ಬನಾದ ಪಾಲಬಾವಿಯ ಭೀಮಸಿ ತುಂಬಿದ ಜನರ ನಡುವೆಯೇ “ಮಾವನ ವಾಚ್ ಅಳಿಯನ ಮಾತ ಕೇಳತೈತಿ!” ಎಂದು ಕೂಗಿದ. ಜನ ಗೊಳ್ಳೆಂದರು. ನಾಮದೇವ ಬಹುಮಾನವಾಗಿ ಗೆದ್ದ ಢಾಲನ್ನು ಅಲ್ಲೇ ಬಿಟ್ಟು ಹೋದ.

ಈ ಸಲ ಶರ್ಯತ್ತು ಹತ್ತಿರ ಬರುತ್ತಿದ್ದಂತೆ ಕಾಕಾಸಾಹೇಬರು ನಿನ್ನೆ ಮತ್ತೆ ಭೂಪಾಲರ ಮುಂದೆ ಬಂದು ಕೂತಿದ್ದರು. “ಹ್ವಾದ ಸಲ ನೀವ ನೋಡಿ, ಏನೂ ತಪ್ಪಿಲ್ಲ ಅಂದ್ರಿ. ಊರ ಮುಂದ ನನ್ನ ಮಾರಿ ಉಳೀಲಿಲ್ಲ. ಇದ ಸರಿ ಇರ್ಲಿಲ್ಲಂದ್ರ ನಾ ಇನ್ನ ಮ್ಯಾಲ ಅಲ್ಲಿ ನಿಂದರೂದಿಲ್ಲ ಭೂಪಾಲಣ್ಣ.”

ಆ ಮಾತು ಭೂಪಾಲರನ್ನು ಚುಚ್ಚಿತು. ಚೆನ್ನಾಗಿ ಓಡುವ ವಾಚನ್ನು ಸುಮ್ಮನೆ ಬಿಚ್ಚಬಾರದೆಂಬುದು ಅವರ ನೇಮ. ಆಗ ಹಗಲಿನಲ್ಲಿ, ಬಿಸಿ ದೀಪದ ಕೆಳಗೆ ನೋಡಿದ್ದರು. ಮುಳ್ಳು ಕುದುರೆಯಂತೆ ಓಡಿತ್ತು. ಹಾಗಾದರೆ ಭೀಮಸಿ ಕೂಗಿದ್ದು ಯಾಕೆ? ನಸುಕಿನಲ್ಲಿ ಓಡಿದ ಮೊದಲ ಗಾಡಿಗಷ್ಟೇ ತಕರಾರು ಬಂದದ್ದು ಯಾಕೆ? ಆ ಪ್ರಶ್ನೆಯೇ ಅವರನ್ನು ಈ ಚಳಿಯಲ್ಲಿ ಅಂಗಡಿಗೆ ಎಳೆದು ತಂದಿದೆ.

ಅವರ ಅಂಗಡಿ ಇಷ್ಟು ಬೇಗ ತೆರೆಯುವುದು ಇದೇ ಮೊದಲು. ಹೊತ್ತು ಮುಳುಗುವ ಮುಂಚೆ ಉಣ್ಣುವ ಜೈನ ಮನೆತನ, ಹಾಗಾಗಿ ಬೇಗ ಮುಚ್ಚುವುದಂತೂ ಊರಿಗೆಲ್ಲ ಗೊತ್ತು. ಹುಟ್ಟೂರು ಕಾಗವಾಡ. ಅಪ್ಪನದು ಕಾಳಿನ ವ್ಯಾಪಾರ, ಆದರೆ ಭೂಪಾಲರಿಗೆ ತಕ್ಕಡಿ ಒಗ್ಗಲಿಲ್ಲ. ನಿಪ್ಪಾಣಿಯಲ್ಲಿ ತಂಬಾಕಿನ ಘಾಟಿಗೆ ಸೀನುತ್ತ ಸೀನುತ್ತ ಕೆಲಸ ಕಲಿತು, ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಇಲ್ಲಿ ಅಂಗಡಿ ಇಟ್ಟರು. ಸೆಲ್ಲಿನ ವಾಚುಗಳು ಬಂದ ಮೇಲೆ ಗಿರಾಕಿ ಕಡಿಮೆ. ಬಿಡಿಭಾಗ ಸಿಗುವುದಿಲ್ಲ, ಬಲಗಣ್ಣು ಸಂಜೆಗೆ ನೀರೂರುತ್ತದೆ. “ಸೆಲ್ಲ್ ಹಾಕೂದ ಯಾಂವ ಬೇಕಾದ್ರೂ ಮಾಡ್ತಾನ. ಇದು ಹಂಗಲ್ರಿ, ಇದರ ಜೋಡಿ ಮಾತಾಡ್ಬೇಕು” ಎನ್ನುತ್ತಾರೆ. ವಾಚಿನ ಜೊತೆ ಆಡುವಷ್ಟು ಮಾತು ತನ್ನ ಜೊತೆ ಆಡುವುದಿಲ್ಲವೆಂದು ಹೆಂಡತಿ ರಾಜಮತಿಯವರ ದೂರು.

ಬಿಸಿಲು ಏರಿದ ಮೇಲೆ ಭೂಪಾಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ತೆರೆಯುತ್ತಾರೆ. ಗುಂಡಿ ಒತ್ತಿದಾಗ ಒಳಗೊಂದು ಸಣ್ಣ ಸನ್ನೆಗೋಲು ಸರಿದು, ಓಡುವ ಚಕ್ರಕ್ಕೆ ಮುಳ್ಳಿನ ಚಕ್ರವನ್ನು ಜೋಡಿಸಬೇಕು. ಆ ಸನ್ನೆಯ ಅಡಿಯಲ್ಲಿ ತೆಳುವಾದ ಜಿಡ್ಡು, ಅದರಲ್ಲಿ ಅರಿಸಿನದ ಬಣ್ಣ. ಚಿಮಟದ ತುದಿಗೆ ಹತ್ತಿದ್ದನ್ನು ಮೂಗಿಗೆ ಹಿಡಿದು, ಅಷ್ಟರಲ್ಲಿ ಬಂದು ಎದುರು ಕೂತ ಕಾಕಾಸಾಹೇಬರನ್ನು ನೋಡುತ್ತಾರೆ.

“ದಸರಾದಾಗ ಖಂಡೇ ಪೂಜಿಗೆ ಇದನ್ನೂ ಇಟ್ಟಿದ್ರೇನ್ರಿ?”

“ಇಟ್ಟಿದ್ನೆಪಾ. ಕೊಡ್ಲಿ, ಕುಡಗೋಲ ಜೋಡಿ ಇದಕ್ಕೂ ಭಂಡಾರ ಹಚ್ಚಿದೆ. ಗುಂಡಿ ಬಿಗಿ ಆಗಿತ್ತು, ಒಂದ ಹನಿ ಕೊಬ್ಬರಿ ಎಣ್ಣಿ ಬಿಟ್ಟೆ. ದರ ವರ್ಷ ಬಿಡ್ತೀನಿ.”

“ವಾಚ್ ಅಂದ್ರ ನಿಮ್ಮ ತಲಿ ಏನ್ರಿ, ಎಣ್ಣಿ ಹಚ್ಚಾಕ! ಚಳಿಗೆ ಕೊಬ್ಬರಿ ಎಣ್ಣಿ ಹೆಪ್ಪಗಟ್ಟೂದಿಲ್ಲೇನು? ನೀವು ಗುಂಡಿ ಒತ್ತೀರಿ, ಎತ್ತ ಓಡ್ಯಾವ, ಮುಳ್ಳ ಇನ್ನೂ ಹೊದಕೊಂಡ ಮಲಗೇತಿ.”

ಮುಳ್ಳು ತಡವಾಗಿ ಹೊರಟರೆ ಗಾಡಿಯ ವೇಳೆ ಕಡಿಮೆ ತೋರುತ್ತದೆ. ನಸುಕಿನಲ್ಲಿ ಓಡಿದವನಿಗೆ ಪುಕ್ಕಟೆ ಲಾಭ. ಕಾಕಾಸಾಹೇಬರ ಮುಖ ಇಳಿಯುತ್ತದೆ. ವಾಚು ಅಳಿಯನ ಮಾತು ಕೇಳಿರಲಿಲ್ಲ, ಆದರೆ ಭೀಮಸಿ ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಭೂಪಾಲ ಚಕ್ರ, ಸನ್ನೆ, ಸ್ಪ್ರಿಂಗುಗಳನ್ನೆಲ್ಲ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಾರೆ. ಎಣ್ಣೆ ಬೇಕಾದಲ್ಲಷ್ಟೇ ಸೂಜಿಮೊನೆಯಲ್ಲಿ ವಾಚಿನ ಎಣ್ಣೆ ಮುಟ್ಟಿಸಿ, ಒಂದೊಂದಾಗಿ ಕೂರಿಸುತ್ತಾರೆ. ಮತ್ತೆ ಕಿಟಕಿಯ ಕಲ್ಲು, ಮತ್ತೆ ನಸುಕು. ಈ ಸಲ ಗುಂಡಿ ಒತ್ತಿದೊಡನೆ ಮುಳ್ಳು ಚಂಗನೆ ಹಾರುತ್ತದೆ. ಭೂಪಾಲರಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಶರ್ಯತ್ತಿನ ದಿನ ಅವರೂ ಸತ್ತಿಗೆ ಹೋಗುತ್ತಾರೆ. ಹೊಳೆಯ ಕಡೆಯಿಂದ ಮಂಜು ಬರುತ್ತಿದೆ. ಕಾಕಾಸಾಹೇಬರು ಎಲ್ಲರೆದುರು ಎಣ್ಣೆಯ ಕಥೆ ಹೇಳಿ, ತಣ್ಣಗಿದ್ದ ವಾಚನ್ನು ಭೀಮಸಿಯ ಕೈಗೇ ಕೊಡುತ್ತಾರೆ. ಅವನು ಗುಂಡಿ ಒತ್ತುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಒತ್ತುತ್ತಾನೆ. ವಾಚನ್ನು ಮರಳಿಸಿ ಚೀಟಿ ಎತ್ತಲು ಹೋಗುತ್ತಾನೆ.

ಚೀಟಿಯಲ್ಲಿ ಮೊದಲ ಓಟ ಭೀಮಸಿಗೇ ಬರುತ್ತದೆ. ಬಿಸಿಲು ಬಿದ್ದ ಮೇಲೆ ಓಡಿದ ನಾಮದೇವನ ಗಾಡಿ ಅವನ ವೇಳೆಯನ್ನು ಕೂದಲೆಳೆಯಷ್ಟರಲ್ಲಿ ಹಿಂದಿಕ್ಕುತ್ತದೆ. ಹಳೆಯ ಜಿಡ್ಡು ಇದ್ದಿದ್ದರೆ ಗೆಲುವು ಭೀಮಸಿಯದಾಗುತ್ತಿತ್ತು. ಅದು ಅವನಿಗೂ ಗೊತ್ತು. ಜನ ಅವನನ್ನೇ ನೋಡುತ್ತಾರೆ. ಅವನು ತನ್ನ ಎತ್ತುಗಳ ಬಳಿ ಹೋಗಿ, ಬಲದೆತ್ತಿನ ಕೊರಳ ಗಂಗೆದೊಗಲು ಸವರುತ್ತ ನಿಲ್ಲುತ್ತಾನೆ.

ಗುಲಾಲು ಹಾರತೊಡಗುತ್ತದೆ. ಕಾಕಾಸಾಹೇಬರು ಪುಡಿ ತಾಗದಂತೆ ಗಡಬಡಿಸಿ ವಾಚನ್ನು ಅಂಗಿಯೊಳಗೆ ಬಚ್ಚಿಡುತ್ತಾರೆ. ತಮಗೆ ಸನ್ಮಾನದ ಫೇಟಾ ರುಮಾಲು ಕಟ್ಟಲು ಬಂದವರನ್ನು ನಾಮದೇವನ ಕಡೆಗೆ ಕಳಿಸಿ, ಭೂಪಾಲ ಬಸ್ಸಿನ ದಾರಿ ಹಿಡಿಯುತ್ತಾರೆ. ನಿಮಗೇನೂ ಬೇಡವೇ ಎಂದು ಕೇಳಿದರೆ, ನೀರೂರುವ ಬಲಗಣ್ಣು ಒರೆಸಿಕೊಂಡು ಹೇಳುತ್ತಾರೆ:

“ಸೋತಾಂವ ವಾಚ್ ನೋಡ್ಲಿಲ್ರಿ, ತನ್ನ ಎತ್ತ ನೋಡಿದ. ನನಗ ಅಷ್ಟ ಸಾಕ್ರಿ.”