ಬೀಗರಿಗೆಂದು ಇಟ್ಟಿದ್ದ ಎಸಿ

ನನ್ನ ಮೊದಲ ಕಾರು ಸೆಕೆಂಡ್ ಹ್ಯಾಂಡ್. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೊಂಡದ್ದು. ಹುಬ್ಬಳ್ಳಿ ನವನಗರದ ನಮ್ಮ ಓಣಿಯಲ್ಲಿ ಅದಕ್ಕಿಂತ ಹೊಸ ಕಾರುಗಳಿದ್ದವು, ಆದರೆ ಎಸಿ ಇದ್ದದ್ದು ನಮ್ಮದಕ್ಕೆ ಮಾತ್ರ. ಈ ಸಂಗತಿಯನ್ನು ಕೇಳದವರಿಗೂ ಹೇಳುತ್ತಿದ್ದೆ. ಅದನ್ನು ಹಚ್ಚುವುದು ಮಾತ್ರ ನನಗೆ ಆಗಿಬರುತ್ತಿರಲಿಲ್ಲ. ಎಂಜಿನ್ನಿಗೆ ಭಾರ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸುಮ್ಮನೆ ಸವೆಯುತ್ತದೆ ಎಂದು ಕಾರಣಗಳು ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು.

ಮಗಳ ಅತ್ತೆ ಮಾವ ಬೆಳಗಾವಿಯಿಂದ ಬಂದರೆ ಮಾತು ಬೇರೆ. ಬೀಗರು ಬರುವ ದಿನ ಪಿಂಗಾಣಿ ಕಪ್ಪುಗಳು ಕಪಾಟಿನಿಂದ ಇಳಿಯುತ್ತಿದ್ದವು, ಹೊಸ ಚಾದರ ಹಾಸುತ್ತಿದ್ದೆವು, ಹುಬ್ಬಳ್ಳಿ ಸ್ಟೇಷನ್ನಿನಿಂದ ಮನೆಯವರೆಗೆ ಎಸಿ ಓಡುತ್ತಿತ್ತು. ಬೀಗರು ಮುಂದಿನ ಸೀಟಿನಲ್ಲಿ, ಹೆಂಗಸರು ಹಿಂದೆ. "ಥಂಡಿ ಆತು, ಸ್ವಲ್ಪ ಕಡಿಮಿ ಮಾಡ್ರಿ" ಎಂದು ಅವರು ಅಂದರೆ ನನಗೆ ಶಾಲು ಹೊದಿಸಿದಷ್ಟು ಖುಷಿ. ಹೀಗೆ ಅವರು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಉಳಿದ ದಿನ ಕಾರನ್ನು ಫಳಫಳ ಒರೆಸಿ ಹೊದಿಕೆ ಹಾಕುತ್ತಿದ್ದೆ. ಎಸಿಯ ಗುಂಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ.

ನನ್ನ ಹೆಂಡತಿಗೆ ಉಬ್ಬಸವಿತ್ತು. ಧೂಳಿನಿಂದ ದೂರವಿರಬೇಕು ಎಂದು ಸತ್ತೂರಿನ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಆ ವರ್ಷ ಅಲ್ಲಿಗೆ ಹೋಗುವ ರಸ್ತೆಯನ್ನು ಅಲ್ಲಲ್ಲಿ ಅಗೆದು ಹಾಕಿದ್ದರು. ತಪಾಸಣೆಗೆ ಹೋಗುವಾಗ ಅವಳು ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಕೂರುತ್ತಿದ್ದಳು. "ಇಲ್ಲೇ ಐತಿ, ತಡಕೋ" ಎನ್ನುತ್ತಿದ್ದೆ. ಎಸಿ ಹಚ್ಚಿ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೇಳಲಿಲ್ಲವೆಂದರೆ ಬೇಡವೆಂದೇ ಅರ್ಥ ಮಾಡಿಕೊಂಡೆ. ಹಾಗೆ ಅರ್ಥ ಮಾಡಿಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಒಂದು ಏಪ್ರಿಲ್ ಮಧ್ಯಾಹ್ನ ಉಬ್ಬಸ ಎದ್ದಿತು. ಔಷಧದ ಪಂಪು ಎಳೆದುಕೊಂಡರೂ ಇಳಿಯಲಿಲ್ಲ. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಸತ್ತೂರಿನ ಕಡೆ ಹೊರಟೆ. ಮುಂದೆ ಖಡಿಕಲ್ಲು ತುಂಬಿದ ಲಾರಿ, ದಾಟಲು ಜಾಗವಿಲ್ಲ. ಗಾಜುಗಳನ್ನು ಏರಿಸಿ, ಅಂದು ನಾನಾಗಿಯೇ ಎಸಿ ಹಚ್ಚಿದೆ. ಬಂದದ್ದು ಬಿಸಿ ಗಾಳಿ, ಜೊತೆಗೆ ಒದ್ದೆ ಗೋಣಿಚೀಲದ ವಾಸನೆ. ಅವಳ ಕೆಮ್ಮು ಇನ್ನಷ್ಟು ಹೆಚ್ಚಿತು. ಗಾಜು ಇಳಿಸಿದರೆ ಧೂಳು, ಏರಿಸಿದರೆ ಉಸಿರು ಕಟ್ಟುವ ಸೆಕೆ. ಆಸ್ಪತ್ರೆ ಮುಟ್ಟಿದಾಗ ಅವಳ ತುಟಿ ನೀಲಿಗಟ್ಟಿತ್ತು. ಆಕ್ಸಿಜನ್ ಹಚ್ಚಿದರು. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟು ನೀರು ಕೇಳಿದಳು.

ಮರುದಿನ ಬೆಳಗಾವಿಯಿಂದ ಮಗಳು ಬಂದು ತಾಯಿಯ ಬಳಿ ಕುಳಿತಳು. ನಾನು ಕಾರನ್ನು ಕಮರಿಪೇಟೆಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಸಿಟ್ಟೆಲ್ಲ ಇದನ್ನು ನನಗೆ ಮಾರಿದವನ ಮೇಲೆ. ದಾರಿಯುದ್ದಕ್ಕೂ ಅವನನ್ನು ಮನಸ್ಸಿನಲ್ಲೇ ಬೈದುಕೊಂಡು ಹೋದೆ. ಮೆಕ್ಯಾನಿಕ್ ನನಗಿಂತ ಹಿರಿಯರು. ಬಾನೆಟ್ ಎತ್ತಿ, ಕಂಪ್ರೆಸರಿನ ಬುಡದಲ್ಲಿದ್ದ ಎಣ್ಣೆಯ ಕಲೆಯನ್ನು ಬೆರಳಿನಿಂದ ಒರೆಸಿ ನೋಡಿದರು.

"ಎಸಿ ಎಷ್ಟ ದಿನಕ್ಕೊಮ್ಮೆ ಹಚ್ತೀರಿ, ಸಾಹೇಬ್ರ?"

"ಬೀಗರು ಬಂದಾಗ."

ಅವರು ನಗಲಿಲ್ಲ. "ಅದಕ್ಕ ಕೆಟ್ಟೈತ್ರಿ. ಓಡಿಸಿದ್ರ ಒಳಗ ಎಣ್ಣಿ ತಿರಗತೈತಿ. ಸುಮ್ನ ಇಟ್ರ ಸೀಲ್ ಒಣಗಿ ಗ್ಯಾಸ್ ಸೋರಿ ಹೋಗತೈತಿ. ನೀವು ಭಾಳ ಜ್ವಾಕಿ ಮಾಡೀರಿ."

ಡ್ಯಾಶ್‌ಬೋರ್ಡಿನ ಒಳಗಿನಿಂದ ಕೂಲಿಂಗ್ ಕಾಯಿಲ್ ಬಿಚ್ಚಿ ತೆಗೆದರು. ಧೂಳು, ಕೂದಲು, ಹತ್ತಿಯ ಎಳೆ ಎಲ್ಲ ಸೇರಿ ಅದರ ಮೇಲೆ ಕಂಬಳಿಯಂತೆ ಕೂತಿತ್ತು. ನನ್ನ ಹೆಂಡತಿ ಉಸಿರಾಡಲು ಒದ್ದಾಡುತ್ತಿದ್ದಾಗ ಅದರ ಮೇಲಿಂದ ಬಂದ ಗಾಳಿಯನ್ನೇ ನಾನು ಅವಳ ಮುಖಕ್ಕೆ ಬಿಟ್ಟಿದ್ದೆ. ಮಾರಿದವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಸೀಲ್ ಬದಲಿಸಿ, ಕಾಯಿಲ್ ತೊಳೆದು, ಸಾಬೂನಿನ ನೊರೆ ಹಚ್ಚಿ ಸೋರಿಕೆ ನೋಡಿ, ಗ್ಯಾಸ್ ತುಂಬುವಷ್ಟರಲ್ಲಿ ಎರಡು ದಿನ ಹೋಯಿತು. ಹೊರಡುವಾಗ ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡೆ. ಮಳೆಗಾಲವಿರಲಿ, ಚಳಿಯಿರಲಿ, ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಬೇಕು. ಮನೆ ಮುಟ್ಟುವ ಸ್ವಲ್ಪ ಮೊದಲು ಎಸಿ ಆರಿಸಿ ಬರೀ ಫ್ಯಾನ್ ಬಿಡಬೇಕು, ಒಳಗಿನ ಪಸೆ ಆರುತ್ತದೆ, ವಾಸನೆ ಹಿಡಿಯುವುದಿಲ್ಲ. ಮುಂದಿನ ಜಾಲರಿಯ ಧೂಳನ್ನು ಆಗಾಗ ನೀರು ಬಿಟ್ಟು ತೊಳೆಯಬೇಕು. ಕಷ್ಟದ ಕೆಲಸ ಒಂದೂ ಇರಲಿಲ್ಲ.

ನಾಲ್ಕನೆಯ ದಿನ ಅವಳನ್ನು ಮನೆಗೆ ಕಳಿಸಿದರು. ಮಗಳು ಅಡುಗೆ ಮಾಡಲು ಬೆಳಿಗ್ಗೆಯೇ ಮನೆಗೆ ಹೋಗಿದ್ದಳು. ನಾನು ಕಾರನ್ನು ಬೇವಿನ ಮರದ ನೆರಳಿಗೆ ತಂದು, ಎಸಿ ಹಚ್ಚಿ, ಒಳಗೆ ತಂಪಾದ ಮೇಲೆ ಅವಳನ್ನು ಕೈ ಹಿಡಿದು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆಯುವಷ್ಟರಲ್ಲಿ ಅವಳು ಸೆರಗು ಸರಿಮಾಡಿಕೊಂಡು ಮತ್ತೆ ಇಳಿಯಲು ನೋಡುತ್ತಿದ್ದಳು.

"ಯಾಕ, ಏನಾತು?"

"ಬೀಗರು ನನ್ನ ನೋಡಾಕ ಬಂದಾರಂತ ಮೊದಲ ಹೇಳಬಾರದೇನ್ರಿ? ಅವರು ಮುಂದ ಕೂಡ್ಲಿ, ನಾ ಹಿಂದ ಕೂಡ್ತೇನಿ."

ಅವಳ ಒಂದು ಕಾಲು ಆಗಲೇ ಹೊರಗಿತ್ತು. ಯಾರೂ ಬಂದಿಲ್ಲ, ನಿನಗಂತ ಹಚ್ಚೇನಿ ಎಂದು ಹೇಳಿ, ಸುತ್ತಿ ಬಂದು ಅವಳ ಕಾಲನ್ನು ಒಳಗಿಟ್ಟು ಬಾಗಿಲು ಹಾಕಿದೆ.