ಭಾವನ ನಯವಾದ ಭೂಕಂಪಗಳು

ನಮ್ಮ ಭಾವನನ್ನು ಎದುರಿಗೆ ‘ನೀವು’ ಎಂದೇ ಮಾತಾಡಿಸುತ್ತೇನೆ. ಅಕ್ಕನ ಗಂಡ, ವಿಧಿಯಿಲ್ಲ. ಬರೆಯುವಾಗ ಏಕವಚನವೇ ಸಾಕು.

ಅವನೂ ನಾನೂ ಒಂದೇ ಭೂಕಂಪ ಮಾಪನ ಕಚೇರಿಯಲ್ಲಿದ್ದೆವು. ಅಲ್ಲಿ ಅವನಿಗೆ ‘ಇಸ್ತ್ರಿ’ ಎಂದು ಅಡ್ಡಹೆಸರು. ಅಂಗಿಯ ತೋಳಿನ ಮಡಿಕೆ ಕೈ ಕುಯ್ಯುವಷ್ಟು ಚೂಪು. ಮೇಜಿನ ಮೇಲೆ ಪೆನ್ಸಿಲುಗಳು ಉದ್ದದ ಪ್ರಕಾರ ಮಲಗಿರಬೇಕು; ಯಾರಾದರೂ ಒಂದನ್ನು ಜರುಗಿಸಿದರೆ ಆ ದಿನವೆಲ್ಲ ಮುಖ ಗಂಟು. ಕೆಲಸ ಮಾತ್ರ ಅಷ್ಟಕ್ಕಷ್ಟೇ. ಆದರೂ ಅಕ್ಷರ ಮುತ್ತಿನಂತಿದ್ದುದರಿಂದ ಮೇಲಿನವರ ಪಾಲಿಗೆ ಅವನೇ ಮುತ್ತಿನಂಥ ಮನುಷ್ಯ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವವರಿಗೆ ನಮ್ಮಲ್ಲಿ ಬರವಿರಲಿಲ್ಲ.

ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ಭೂಕಂಪಗಳ ಕಾಗದಗಳು ಕಂತೆ ಕಂತೆಯಾಗಿ ಬಿದ್ದಿದ್ದವು. ತಿರುಗುವ ಉರುಳೆಗೆ ಕಾಗದ ಸುತ್ತಿ, ಶಾಯಿಯ ಮುಳ್ಳಿನಿಂದ ನೆಲದ ನಡುಕವನ್ನು ಗೀಚಿಸುತ್ತಿದ್ದ ಕಾಲದವು. ಅವನ್ನು ಸ್ಕ್ಯಾನ್ ಮಾಡಿ, ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ಕಂಪ್ಯೂಟರಿಗೆ ಇಳಿಸಿ ತಿದ್ದಬೇಕೆಂದು ಆದೇಶವಾಯಿತು. ಮುಳ್ಳು ಕಮಾನಿನಂತೆ ಬೀಸುವುದರಿಂದ ಗೆರೆ ಓರೆಯಾಗಿರುತ್ತದೆ, ಅದನ್ನು ನೆಟ್ಟಗೆ ಮಾಡಬೇಕು. ಗಡಿಯಾರ ಹಿಂದೆ ಬಿದ್ದಿದ್ದರೆ ಹೊತ್ತನ್ನು ಸರಿಪಡಿಸಬೇಕು. ನೆಲ ಜೋರಾಗಿ ಕುಲುಕಿದ ಕಡೆ ಮುಳ್ಳು ಹುಚ್ಚೆದ್ದು ಗೆರೆಗಳು ಗಂಟುಬಿದ್ದಿರುತ್ತವೆ, ಇಲ್ಲವೇ ಶಾಯಿಯೇ ಹತ್ತಿರುವುದಿಲ್ಲ. ಅಂಥ ಕಡೆ ಖಾಲಿ ಬಿಟ್ಟು ‘ಓದಲಾಗದು’ ಎಂದು ಬರೆಯಬೇಕು. ನಿಯಮ ಅಂತ ಇದ್ದದ್ದು ಅದೊಂದೇ.

ಗೆರೆ ಇಳಿಸುವ ಕೆಲಸದ ಯಜಮಾನಿಕೆ ಭಾವನಿಗೆ ಸಿಕ್ಕಿತು. ಗಡಿಯಾರದ ತಪ್ಪು ತಿದ್ದುವುದು ನನ್ನ ಪಾಲಿಗೆ ಬಂತು. ಉಳಿದವರು ಒಂದು ಕಾಗದಕ್ಕೆ ಕಣ್ಣು ಉರಿಸಿಕೊಳ್ಳುವಷ್ಟರಲ್ಲಿ ಅವನು ಕಂತೆ ಮುಗಿಸಿ ಚಹಾ ಹೀರುತ್ತಿದ್ದ.

“ನಿಮ್ಮದ್ರಲ್ಲಿ ಖಾಲಿ ಜಾಗವೇ ಇರಲ್ವಲ್ಲ ಭಾವ, ಅದು ಹೇಗೆ?” ಎಂದು ಒಮ್ಮೆ ಕೇಳಿದೆ.

“ಕಣ್ಣು ಬೇಕಮ್ಮ, ಕಣ್ಣು,” ಎಂದ. “ನಿಮಗೆ ಕಾಣದ್ದು ನನಗೆ ಕಾಣುತ್ತೆ.”

ಅವನ ಒಂದು ಗೆರೆಯಂತೂ ಕಚೇರಿಯ ವಾರ್ಷಿಕ ವರದಿಯ ಮುಖಪುಟವನ್ನೇರಿತು. ಅದನ್ನು ಅವನು ನೆಂಟರ ಮನೆಗೆಲ್ಲ ಹೊತ್ತು ತಿರುಗಿದ. ಹೆತ್ತ ಮಗಳ ಫೋಟೋವನ್ನೂ ಹಾಗೆ ತೋರಿಸಿದವನಲ್ಲ.

ಹೊಳೆಯ ಹಳೇ ಸೇತುವೆ ಇನ್ನೊಂದು ಭೂಕಂಪ ತಡೆಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಲು ಒಬ್ಬ ಇಂಜಿನಿಯರಮ್ಮ ನಮ್ಮ ಗೆರೆಗಳನ್ನು ಒಯ್ದಿದ್ದರು. ಸ್ವಲ್ಪ ದಿನಕ್ಕೆ ವಾಪಸು ಬಂದು, ಎರಡು ಹಾಳೆಗಳನ್ನು ಭಾವನ ಮೇಜಿನ ಮೇಲೆ ಹಾಸಿದರು. ಒಂದು ದೊಡ್ಡ ಭೂಕಂಪ, ಇನ್ನೊಂದು ಪಾತ್ರೆಯೂ ಅಲುಗದ ಸಣ್ಣದು. ವರ್ಷ ಬೇರೆ, ತಿಂಗಳು ಬೇರೆ. ನಡುಭಾಗ ಮಾತ್ರ ಅಚ್ಚು ಒತ್ತಿದ ಹಾಗೆ ಒಂದೇ. ಸಣ್ಣದನ್ನು ಎತ್ತರಕ್ಕೆ ಎಳೆದು ದೊಡ್ಡದರಲ್ಲಿ ಕೂರಿಸಲಾಗಿತ್ತು.

“ಇದೆರಡೂ ಒಂದೇ ಥರ ಇದೆಯಲ್ಲ ಸರ್, ಹೇಗೆ?”

ಭಾವ ಒಂದು ಪೆನ್ಸಿಲನ್ನು ನೇರ ಮಾಡಿದ. ಆಮೇಲೆ ಗಂಭೀರವಾಗಿ, “ಭೂಮಿ ಒಂದೇ ತಾನೇ ಮೇಡಂ?” ಎಂದ.

ಆ ಇಂಜಿನಿಯರಮ್ಮ ಹಾಳೆಗಳನ್ನು ನನ್ನ ಕಡೆಗೆ ತಿರುಗಿಸಿದರು. ನಾನು ನಗುತ್ತಿದ್ದೆನೋ ಏನೋ. ಆದರೆ ಅಷ್ಟರಲ್ಲಿ ದೊಡ್ಡ ಭೂಕಂಪದ ತಾರೀಖು ಕಣ್ಣಿಗೆ ಬಿತ್ತು. ನಾವು ಚಿಕ್ಕವರಿದ್ದಾಗ ಗೋಡೆಯಡಿ ಸಿಕ್ಕಿ ನಮ್ಮಮ್ಮ ಸತ್ತ ದಿನ ಅದು.

ಸಂಜೆ ಅಕ್ಕನ ಮನೆಗೆ ಹೋಗಿ ಹೇಳಿದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಇದ್ದಳು. ಭಾವ ಊಟಕ್ಕೆ ಕೂತಾಗ ಕೇಳಿದಳು: “ಅಮ್ಮ ಹೋದ ದಿನದ ಕಾಗದಕ್ಕೆ ಯಾವುದೋ ನಡುಕದ ತೇಪೆ ಹಾಕಿದ್ರಂತೆ?”

“ಅಲ್ಲೇನೂ ಇರಲಿಲ್ಲ ಕಣೆ, ಬರೀ ಮಸಿ. ನೋಡಕ್ಕೆ ಅಸಹ್ಯವಾಗಿತ್ತು.”

“ಅಸಹ್ಯವಾಗೇ ಇತ್ತು ರೀ. ಗೋಡೆ ಬಿದ್ದಾಗ ನಾನಲ್ಲೇ ಇದ್ದೆ.”

ಅವನು ತಲೆ ತಗ್ಗಿಸಿದ ಎಂದು ಬರೆಯಲು ನನಗೂ ಆಸೆ. ತಗ್ಗಿಸಿದ್ದು ನಿಜ, ತಟ್ಟೆಯ ಕಡೆಗೆ. ಇನ್ನೊಂದು ಸಲ ಬಡಿಸಿಕೊಂಡು ತಿಂದ. ಹೊಟ್ಟೆಗೂ ಸುಕ್ಕು ಬೀಳಬಾರದಲ್ಲ.

ವಿಚಾರಣೆ ನಡೆಯಿತು. ಅವನ ಕಂತೆಗಳನ್ನು ಬಿಚ್ಚಿದಷ್ಟೂ ತೇಪೆ ಸಿಕ್ಕವು. ಅವನನ್ನು ಹೊರಹಾಕಿದರೆ ಮುಖಪುಟಕ್ಕೇರಿಸಿದವರ ಮುಖಕ್ಕೂ ಮಸಿ. ಹಾಗಾಗಿ ಸಭಾಂಗಣದ ಉಸ್ತುವಾರಿಗೆ ಹಾಕಿದರು. ಅಲ್ಲಿ ಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಸುಖವಾಗಿದ್ದ. “ಪ್ರಾಮಾಣಿಕರಿಗೆ ಕಾಲವಿಲ್ಲಮ್ಮ” ಎಂದು ನನಗೇ ಹೇಳಿದ! ಇಂಥವರಿಗೆ ನಾಚಿಕೆ ಬರುತ್ತದೆಂದು ಕಾಯುವುದು ಕಲ್ಲಿನಿಂದ ನಾರು ತೆಗೆದ ಹಾಗೆ.

ಕಾಗದಗಳನ್ನೆಲ್ಲ ನಾವು ಮೊದಲಿಂದ ಮಾಡಿದೆವು. ಅಮ್ಮನ ದಿನದ್ದನ್ನು ನಾನೇ ಕೇಳಿ ತೆಗೆದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ ಮಸಿಯ ಗಂಟಿನಲ್ಲೂ ಕೆಲವು ಗೆರೆಗಳ ತುದಿ ಕಾಣುತ್ತಿತ್ತು. ಕಂಡಷ್ಟನ್ನು ಇಳಿಸಿದೆ. ಒಂದು ಕಡೆ ಮುಳ್ಳು ಕಾಗದ ಬಿಟ್ಟು ಎದ್ದಿತ್ತು, ಅಲ್ಲಿ ‘ಓದಲಾಗದು’ ಎಂದು ಬರೆದೆ. ಸಿಕ್ಕಷ್ಟರಲ್ಲೇ ಇಂಜಿನಿಯರಮ್ಮ ಮತ್ತೆ ಲೆಕ್ಕ ಹಾಕಿದರು. ಭಾರಿ ಲಾರಿಗಳನ್ನು ಸೇತುವೆಗೆ ಬಿಡುವುದು ನಿಂತಿತು. ಕಂಬಗಳಿಗೆ ಹೊಸ ಕಾಂಕ್ರೀಟಿನ ಹೊದಿಕೆ ಬಿತ್ತು.

ಭಾವ ಈಗ ನಿವೃತ್ತ. ಸುಮ್ಮನೆ ಕೂರುವ ಜಾತಿಯಲ್ಲ. ಬೀದಿಯವರ ಹಳೇ ಫೋಟೋಗಳನ್ನು ಕಂಪ್ಯೂಟರಿನಲ್ಲಿ ‘ಸರಿ’ ಮಾಡಿಕೊಡುತ್ತಾನೆ. ಸತ್ತ ಅಜ್ಜಂದಿರಿಗೆ ಹಲ್ಲು ಬರುತ್ತದೆ, ಅಜ್ಜಿಯರ ಕೆನ್ನೆ ತುಂಬಿಕೊಳ್ಳುತ್ತದೆ. ಜನ ಕೈಮುಗಿದು ಒಯ್ಯುತ್ತಾರೆ. ಅಮ್ಮನದು ಇರುವುದೊಂದೇ ಫೋಟೋ, ಒಂದು ಕಣ್ಣು ಅರ್ಧ ಮುಚ್ಚಿದೆ. ಮೊನ್ನೆ ಅಕ್ಕ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ನಮ್ಮನೆಗೆ ತಂದಳು.

“ನಿನ್ನ ಹತ್ರಾನೇ ಇರ್ಲಿ ಕಣೇ,” ಎಂದಳು. “ಅವರ ಕೈಗೆ ಸಿಕ್ಕಿದ್ರೆ ಕಣ್ಣು ಬಿಡಿಸಿಬಿಡ್ತಾರೆ.”