ನೆಲ ಡೊಂಕು

ಶನಿವಾರ ಬೆಳಗ್ಗೆ ಆರಕ್ಕೆ ಮೇಷ್ಟ್ರು ಮೈದಾನಕ್ಕೆ ಗೆರೆ ಹಾಕಲು ಹೊರಡುತ್ತಿದ್ದರು. ಹಿಂದೆ ಹೆಂಡತಿ. ಅವರ ಕೈಯಲ್ಲಿ ಸುಣ್ಣದ ಪುಡಿಯ ಬಕೆಟ್ಟು, ತಳಕ್ಕೆ ತೂತು ಹೊಡೆದ ಡಬ್ಬ. ಅವಳ ಹೆಗಲ ಮೇಲೆ ಸುತ್ತಿದ ಹಗ್ಗ. ಇಪ್ಪತ್ತೆರಡು ವರ್ಷ ಹಾಗೇ ಹೋದರು. ದಾರಿಯಲ್ಲಿ ಮಾತಿಲ್ಲ. ಬೆಳಗ್ಗೆ ಬೆಳಗ್ಗೆ ಗಂಡ ಹೆಂಡತಿ ಏನು ಮಾತಾಡಬೇಕು.

ಮೇಷ್ಟ್ರು ಹೈಸ್ಕೂಲಿನ ಫುಟ್‌ಬಾಲ್ ಕೋಚ್. ಕೊರಳಲ್ಲಿ ಯಾವಾಗಲೂ ಸೀಟಿ. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ, ಸಾರಿನಲ್ಲಿ ಅದ್ದುತ್ತಿತ್ತು. ಹುಡುಗರು ಪೀಪಿ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಅದೇ ಲೆಕ್ಕದಲ್ಲಿ ಅವಳು ಪೀಪಿ ಅಮ್ಮ. ಮಕ್ಕಳಿರಲಿಲ್ಲ. ಇದ್ದಿದ್ದರೆ ಅವಕ್ಕೇನು ಹೆಸರು ಇಡುತ್ತಿದ್ದರೋ.

ಫುಟ್‌ಬಾಲ್ ಕೋಚ್ ಅಂದರೆ ಬರೀ ಆಟ ಕಲಿಸುವುದು ಅಂತ ಜನ ತಿಳಿದಿದ್ದಾರೆ. ಆಟ ಕಾಲು ಭಾಗ. ಮಿಕ್ಕಿದ್ದೆಲ್ಲ ಬೇರೆ. ಹುಡುಗರು ಹದಿನೆಂಟು, ಶಾಲೆಯ ಬೂಟು ಹನ್ನೊಂದು ಜೊತೆ. ಸಣ್ಣ ಕಾಲಿನವನಿಗೆ ಬೂಟಿನ ಮೂತಿಯಲ್ಲಿ ಕಾಗದ ತುರುಕಬೇಕು. ಪಂಪಿನ ಸೂಜಿಗೆ ಎಂಜಲು ಹಚ್ಚಿ ಚೆಂಡಿಗೆ ಚುಚ್ಚಬೇಕು, ಒಣ ಸೂಜಿ ಚುಚ್ಚಿದರೆ ಚೆಂಡು ಹಾಳು. ಗೋಲ್‌ಕೀಪರ್ ಗಣಿತದಲ್ಲಿ ಫೇಲಾದರೆ ಗಣಿತದ ಮೇಷ್ಟ್ರ ಮನೆಗೆ ಹೋಗಿ ಹಲ್ಲು ಗಿಂಜಬೇಕು. ಮಂಡಿ ತರಚಿಕೊಂಡ ಹುಡುಗನನ್ನು ಸೈಕಲ್ ಮೇಲೆ ಮನೆ ಮುಟ್ಟಿಸಬೇಕು, ಅವರಮ್ಮನ ಕೈಲಿ ಬೈಸಿಕೊಳ್ಳಬೇಕು.

ಅಪ್ಪಂದಿರು ಮನೆಗೇ ಬರುತ್ತಿದ್ದರು. ಒಬ್ಬ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ನನ್ನ ಮಗನನ್ನ ಬೆಂಚ್ ಮೇಲೆ ಕೂರಿಸ್ತೀರಂತೆ. ಅವನೇನು ಕಡಿಮೆ?"

"ಏನೂ ಕಡಿಮೆ ಇಲ್ಲ ಸ್ವಾಮಿ. ಓಡು ಅಂದ್ರೆ ನಡೀತಾನೆ, ಅಷ್ಟೆ. ನಡಿಗೆ ಪಂದ್ಯ ಬರಲಿ, ಮೊದಲು ಅವನನ್ನೇ ಹಾಕ್ತೀನಿ."

ಅವಳು ಒಳಗಿನಿಂದ ಕೇಳಿಸಿಕೊಂಡು ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೇಷ್ಟ್ರು ಹೊರಗಿನವರ ಹತ್ತಿರ ಹೀಗೆಲ್ಲ ಮಾತಾಡುತ್ತಿದ್ದರು. ಮನೆಯೊಳಗೆ ಗಾಳಿ ಹೋದ ಚೆಂಡು.

ಪಂದ್ಯ ಮುಗಿದ ಸಂಜೆ ಹದಿನೆಂಟು ಬನಿಯನ್ನು ಮನೆಗೆ ಬರುತ್ತಿದ್ದವು. ನಂಬರ್ ಬರೆದ ಕೆಂಪು ಬನಿಯನ್ನು. ಅವಳೇ ಒಗೆಯುವುದು. ಯಾರ ಬನಿಯನ್ನಿನಲ್ಲಿ ಮಣ್ಣಿದೆ, ಯಾರದರಲ್ಲಿ ಬರೀ ಬೆವರಿದೆ ನೋಡಿ ಯಾರು ಆಡಿದ್ದಾರೆ ಯಾರು ನಿಂತಿದ್ದಾರೆ ಹೇಳುತ್ತಿದ್ದಳು. ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಅವಳು ಓದಿದ್ದು ನಾಲ್ಕನೇ ಕ್ಲಾಸು.

ಈಗ ಹಗ್ಗದ ಮಾತು. ಇಲ್ಲಿಂದ ಮುಂದೆ ಎಲ್ಲ ಹಗ್ಗದ್ದೇ.

ಶಾಲೆಯಲ್ಲಿ ಅಳತೆ ಟೇಪು ಇರಲಿಲ್ಲ. ಕೇಳಿದಾಗಲೆಲ್ಲ ಮುಂದಿನ ವರ್ಷ ಅಂದರು. ಮೇಷ್ಟ್ರು ಒಂದು ಗಟ್ಟಿ ಹಗ್ಗ ಕೊಂಡು, ಬಸ್ಸು ಹತ್ತಿ ದೊಡ್ಡ ಸ್ಟೇಡಿಯಮ್ಮಿಗೆ ಹೋಗಿ, ಅಲ್ಲಿನ ಗೆರೆಗಳಿಗೆ ಹಿಡಿದು ಅಳೆದು ತಂದರು. ತುದಿಗೊಂದು ಗಂಟು, ಅದು ಗೋಲ್ ಗೆರೆಯ ಮೇಲೆ ಇಡುವುದಕ್ಕೆ. ಗಂಟಿಗೆ ಕಪ್ಪು ನೂಲು. ಗಂಟಿನಿಂದ ಹನ್ನೊಂದು ಮೀಟರಿಗೆ ಕೆಂಪು ಬಟ್ಟೆ, ಅದು ಪೆನಾಲ್ಟಿ ಚುಕ್ಕೆ. ಚೆಂಡು ಇಟ್ಟು ಒಬ್ಬನೇ ಗೋಲಿಗೆ ಹೊಡೆಯುವ ಜಾಗ. ಇನ್ನೂ ಮುಂದೆ ನೀಲಿ ಬಟ್ಟೆ, ಅದು ಗೋಲಿನ ಮುಂದಿನ ದೊಡ್ಡ ಚೌಕಕ್ಕೆ.

"ಇದು ಹಗ್ಗ ಅಲ್ಲ ಕಣೇ, ಅಳತೆ," ಅಂದರು. "ಇದರ ಮೇಲೆ ಬಟ್ಟೆ ಒಣಹಾಕೀಯೆ."

"ಹಾಕಲ್ಲ ಬಿಡ್ರಿ. ಬೇಕಿದ್ರೆ ತಲೆದಿಂಬಿಗೆ ಇಟ್ಕೊಂಡು ಮಲಗಿ."

ಹನ್ನೊಂದು ವರ್ಷದ ಕೆಳಗೆ ಮನೆ ಬದಲಾಯಿಸಿದರು. ಮೇಷ್ಟ್ರು ಹುಡುಗರನ್ನು ಕರೆದುಕೊಂಡು ಪರವೂರಿಗೆ ಹೋಗಿದ್ದರು. ಸಾಮಾನು ಸಾಗಿಸುವ ದಿನವೇ ಅವರಿಗೆ ಪಂದ್ಯ. ಬೀರು ಕಟ್ಟಲು ಹಗ್ಗ ಸಾಲದೆ ಬಂತು. ಅವಳು ಅಳತೆ ಹಗ್ಗ ಕೊಟ್ಟಳು. ಹೊಸ ಮನೆಯ ಮುಂದೆ ಗಾಡಿಯವನು ಬೀರಿಗೆ ಕಟ್ಟಿದ್ದ ಗಂಟು ಬಿಚ್ಚಲು ನೋಡಿದ, ಆಗಲಿಲ್ಲ. ಚಾಕು ತೆಗೆದು ಕುಯ್ದ. ಕಪ್ಪು ನೂಲಿನ ಗಂಟಿದ್ದ ತುದಿಯೇ ತುಂಡಾಗಿ ಚರಂಡಿಗೆ ಬಿತ್ತು.

"ಏನಯ್ಯಾ ಮಾಡಿದೆ?"

"ಒಂದು ಗೇಣು ಹಗ್ಗಕ್ಕೆ ಯಾಕಕ್ಕಾ ಹಂಗಾಡ್ತೀರಾ?"

ಒಂದು ಗೇಣಲ್ಲ, ಒಂದೂವರೆ ಗೇಣು. ಅವಳು ಕುಯ್ದ ತುದಿಗೆ ಹೊಸ ಗಂಟು ಹಾಕಿದಳು. ಹೊಲಿಗೆ ಡಬ್ಬಿಯಿಂದ ಕಪ್ಪು ನೂಲು ತೆಗೆದು ಸುತ್ತಿದಳು. ಮೇಷ್ಟ್ರ ಗಂಟು ದುಂಡಗಿತ್ತು. ಇವಳದು ಸೊಟ್ಟ. ನೋಡಿದರೆ ಗೊತ್ತಾಗುತ್ತಿತ್ತು. ಅದಕ್ಕೇ ಅವತ್ತಿನಿಂದ ಆ ತುದಿಯನ್ನು ತಾನೇ ಹಿಡಿದಳು. ಗೋಲ್ ಗೆರೆಯ ಮೇಲೆ ಕೂತು ಗಂಟನ್ನು ಮುಷ್ಟಿಯಲ್ಲಿ ಮುಚ್ಚಿ ನೆಲಕ್ಕೆ ಒತ್ತುವುದು. ಮೇಷ್ಟ್ರು ಕೆಂಪು ಬಟ್ಟೆ ಹಿಡಿದು ಆ ಕಡೆ ಹೋಗುವುದು. ಕೆಲಸ ಮುಗಿದ ಮೇಲೆ ಸುತ್ತುವುದೂ ಅವಳೇ.

ಹೇಳಬಹುದಿತ್ತು. ಬೈಯುವ ಗಂಡನಾಗಿದ್ದರೆ ಹೇಳುತ್ತಿದ್ದಳು. ಮೇಷ್ಟ್ರು ಬೈಯುತ್ತಿರಲಿಲ್ಲ, ಮಾತು ಬಿಡುತ್ತಿದ್ದರು. ಒಮ್ಮೆ ಅವರ ಹಳೇ ಸೀಟಿಯನ್ನು ಗುಜರಿಯವನಿಗೆ ಹಾಕಿದ್ದಕ್ಕೆ ಹತ್ತೊಂಬತ್ತು ದಿನ ಬಾಯಿ ಬಿಡಲಿಲ್ಲ. ಇಬ್ಬರೇ ಇರುವ ಮನೆ. ಹತ್ತೊಂಬತ್ತು ದಿನ ಪಾತ್ರೆ ಸದ್ದು ಕೇಳಿಕೊಂಡಿದ್ದಳು. ಅಷ್ಟು ದೊಡ್ಡ ಮೈದಾನ, ಒಂದೂವರೆ ಗೇಣಿನಲ್ಲಿ ಏನು ಮುಳುಗಿಹೋಗುತ್ತೆ ಅಂದುಕೊಂಡಳು. ಆಮೇಲೆ ಮರೆತೂ ಬಿಟ್ಟಳು. ಕೈ ಮಾತ್ರ ಮರೆಯಲಿಲ್ಲ, ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಆ ವರ್ಷಗಳಲ್ಲಿ ಮೇಷ್ಟ್ರಿಗೆ ಒಂದು ಒಗಟು ಹತ್ತಿತು. ಅವರ ಹುಡುಗರು ಇಲ್ಲಿ ಹತ್ತಕ್ಕೆ ಒಂಬತ್ತು ಪೆನಾಲ್ಟಿ ಹೊಡೆಯುತ್ತಿದ್ದರು. ಹೊರಗೆ ಹೋದರೆ ಅರ್ಧಕ್ಕರ್ಧ ತಪ್ಪು. "ಮನೇಲಿ ಹುಲಿ, ಬೀದೀಲಿ ಇಲಿ," ಅಂತ ಗೊಣಗುತ್ತಿದ್ದರು. ಹೆದರಿಕೆ ಅಂದುಕೊಂಡರು. ಹೆದರಿಕೆ ಬಿಡಿಸಲು ದಿನಾ ಐವತ್ತು ಐವತ್ತು ಹೊಡೆಸಿದರು. ಅದೇ ಚುಕ್ಕೆಯಿಂದ.

ಒಂಬತ್ತು ವರ್ಷದ ಕೆಳಗೆ ಜೀವಮಾನದಲ್ಲಿ ಒಂದು ಸಲ ಅವರ ಟೀಮು ಫೈನಲ್ ತಲುಪಿತು. ದೊಡ್ಡ ಸ್ಟೇಡಿಯಮ್ಮು. ಆಟ ಸಮ ಆಗಿ ಪೆನಾಲ್ಟಿಗೆ ಬಂತು. ಕೊನೇ ಹೊಡೆತ ಅವರ ಕ್ಯಾಪ್ಟನ್‌ದು. ಉದ್ದನೆಯ ಹುಡುಗ, ಬಡಗಿಯ ಮಗ. ಚೆಂಡು ಹೋಗಿ ಕಂಬಕ್ಕೆ ಬಡಿಯಿತು. ಅಲ್ಲಿಗೆ ಮುಗಿಯಿತು.

ಬಸ್ಸಿನಲ್ಲಿ ಆ ಹುಡುಗ ಮೆತ್ತಗೆ ಹೇಳಿದನಂತೆ, "ಸಾರ್, ಅಲ್ಲಿ ಚುಕ್ಕೆ ದೂರ ಅನ್ನಿಸ್ತು ಸಾರ್."

ಮೇಷ್ಟ್ರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದರಂತೆ.

ಬಸ್ಸೆಲ್ಲ ನಕ್ಕಿತು. ಅಳುತ್ತಿದ್ದವರೂ ನಕ್ಕರು. ಅವತ್ತಿನಿಂದ ಆ ಹುಡುಗನ ಹೆಸರು ಕಂಬ. ಅವನ ಮನೆಯಲ್ಲೂ ಹಾಗೇ ಕರೆದರು.

ಮೇಷ್ಟ್ರು ಹೋಗಿ ಏಳು ತಿಂಗಳಾಯಿತು. ಪಂಪು ಹೊಡೆಯುತ್ತಾ ಕೂತಿದ್ದವರು ಚೆಂಡಿನ ಮೇಲೇ ಬಾಗಿದರಂತೆ. ಬನಿಯನ್ನು ಬರುವುದು ನಿಂತಿತು. ಒಗೆಯಲು ಎರಡು ಸೀರೆ, ಒಂದು ಟವೆಲ್ಲು. ಅಷ್ಟುದ್ದ ಕಟ್ಟಿದ್ದ ತಂತಿಯ ಒಂದು ಮೂಲೆಯಲ್ಲಿ ಒಣಗುತ್ತಿದ್ದವು. ಶನಿವಾರ ಆರಕ್ಕೆ ಎಚ್ಚರ ಆಗುತ್ತಿತ್ತು. ಎದ್ದು ಏನು ಮಾಡುವುದು ಗೊತ್ತಾಗದೆ ಗುಡಿಸಿದ್ದನ್ನೇ ಗುಡಿಸುತ್ತಿದ್ದಳು.

ಅವರ ಜಾಗಕ್ಕೆ ಬಂದ ಹೊಸ ಕೋಚ್ ಕಂಬನೇ. ಈಗ ಇಪ್ಪತ್ತಾರು ವರ್ಷ, ಗಡ್ಡ ಬಿಟ್ಟಿದ್ದ. ಭಾನುವಾರ ಬರುತ್ತಿದ್ದ. ಪಂಪು ಎಲ್ಲಿದೆ ಅಮ್ಮ, ಆ ಹಳೇ ಪಟ್ಟಿ ಎಲ್ಲಿಟ್ಟಿದ್ರು ಅಮ್ಮ, ಅಂತ ಒಂದು ನೆಪ. ಒಂದು ಲೋಟ ಟೀ ಕುಡಿದು ಹೋಗುತ್ತಿದ್ದ. ವಾರದಲ್ಲಿ ಆ ಮನೆಯ ಬಾಗಿಲು ತಟ್ಟುವವನು ಅವನೊಬ್ಬನೇ.

ಒಂದು ಭಾನುವಾರ ಬಂದವನು ಟೀ ಮುಟ್ಟಲಿಲ್ಲ.

"ಶಾಲೆಗೆ ಟೇಪ್ ಬಂತಮ್ಮ. ಇಷ್ಟು ದಿನ ಮೇಷ್ಟ್ರ ಹಳೇ ಗುರುತಿನ ಮೇಲೇ ಸುಣ್ಣ ಹಾಕ್ತಿದ್ದೆ, ಮೊನ್ನೆ ಅಳೆದೆ. ಪೆನಾಲ್ಟಿ ಚುಕ್ಕೆ ಹತ್ತಿರ ಇದೆ. ಒಂದಡಿ ಹತ್ತಿರ. ಎರಡು ಗೋಲಿಗೂ ಹಾಗೇ."

ಅವಳು ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು.

"ಸ್ಟಾಫ್ ರೂಮಲ್ಲಿ ಮಾತು ಎದ್ದಿದೆ. ಮನೇಲಿ ಗೆಲ್ಲೋಕೆ ಮೇಷ್ಟ್ರು ಬೇಕಂತಲೇ ಹಾಗೆ ಹಾಕಿದ್ರು ಅಂತ. ಮೈದಾನದ ಗೇಟಿಗೆ ಅವರ ಹೆಸರು ಬರೆಸ್ತೀವಿ ಅಂದಿದ್ರಲ್ಲ ಹೆಡ್ ಮಾಸ್ಟರ್ರು, ಈಗ ನೋಡೋಣ ಅಂತಾರೆ." ಗಡ್ಡ ಕೆರೆದುಕೊಂಡ. "ಅವರಿಗೆ ಗೊತ್ತಿತ್ತೇನಮ್ಮ?"

"ಟೀ ಆರ್ತಿದೆ ಕುಡಿ," ಅಂದಳು.

ಅವನು ಕುಡಿಯದೆ ಹೋದ. ಅವಳು ತಂಗಿಗೆ ಫೋನ್ ಮಾಡಿದಳು. ಎಲ್ಲ ಹೇಳಿದಳು. ತಂಗಿ ಒಲೆಯ ಮುಂದಿದ್ದಳು, ಒಗ್ಗರಣೆ ಸದ್ದು ಕೇಳುತ್ತಿತ್ತು.

"ನಿನಗೆ ತಲೆ ಕೆಟ್ಟಿದ್ಯೇನೇ ಅಕ್ಕಾ? ಸುಮ್ನಿರು. ಭಾವ ಹೋಗಾಯ್ತು. ಹೋದೋರಿಗೆ ಯಾರೇನಂದ್ರೂ ಕೇಳ್ಸುತ್ತಾ?"

"ನನಗೆ ಕೇಳ್ಸುತ್ತಲ್ಲೇ."

"ಹೇಳಿದ್ರೆ ಆ ಹುಡುಗನೂ ನಿನ್ನ ಹೊಸ್ತಿಲು ತುಳಿಯಲ್ಲ. ಯೋಚನೆ ಮಾಡು."

ಅದನ್ನೇ ಯೋಚಿಸುತ್ತಿದ್ದಳು. ಸುಮ್ಮನಿದ್ದರೆ ಮುಂದಿನ ಭಾನುವಾರವೂ ಬಾಗಿಲು ತಟ್ಟುತ್ತಾನೆ. ಮೇಷ್ಟ್ರು ಮೋಸಗಾರ ಅನ್ನಿಸಿಕೊಳ್ಳುತ್ತಾರೆ. ಪರವೂರಿನಲ್ಲಿ ರೆಫರಿ ತಮ್ಮ ಕಡೆಗೆ ತಪ್ಪು ಗೋಲು ಕೊಟ್ಟರೆ, ಅದು ಗೋಲಲ್ಲ ಸ್ವಾಮಿ ಅಂತ ಹೋಗಿ ಹೇಳಿ ಸೋತು ಬಂದಿದ್ದ ಮನುಷ್ಯ. ಅವತ್ತು ಹುಡುಗರು ಅವರ ಸೈಕಲ್ಲಿನ ಗಾಳಿ ತೆಗೆದಿದ್ದರು.

ಮಾರನೇ ದಿನ ಮಧ್ಯಾಹ್ನ ಹಗ್ಗ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋದಳು. ಕಂಬ ಆಟದ ಸಾಮಾನಿನ ಕೋಣೆಯಲ್ಲಿದ್ದ. ರಬ್ಬರಿನ ವಾಸನೆ, ಒದ್ದೆ ಬೂಟಿನ ವಾಸನೆ. ಮೇಷ್ಟ್ರ ಮೈಯ ವಾಸನೆ ಅದೇ. ಅವಳು ಹಗ್ಗದ ತುದಿ ಅವನ ಕೈಗೆ ಕೊಟ್ಟಳು.

"ಈ ಗಂಟು ಅವರದಲ್ಲ. ನನ್ನದು."

ಬೀರು, ಗಾಡಿ, ಚಾಕು, ಚರಂಡಿ, ಎಲ್ಲ ಹೇಳಿದಳು. ಹೇಳುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಹನ್ನೊಂದು ವರ್ಷದ ಮಾತು, ಐದು ನಿಮಿಷಕ್ಕೆ ಮುಗಿಯಿತು.

ಕಂಬ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಾಗಾದ್ರೆ ನೆಲ ಡೊಂಕೇ ಇತ್ತು," ಅಂದ.

"ಇತ್ತಪ್ಪ."

"ಒಂಬತ್ತು ವರ್ಷ ಅಮ್ಮ. ನಮ್ಮಪ್ಪ ಸಾಯೋವಾಗ್ಲೂ ಕಂಬ ಎಲ್ಲಿ, ಕಂಬನ್ನ ಕರೀರಿ ಅಂದ್ರು."

ಅವಳು ತಪ್ಪಾಯ್ತು ಅಂದಳು. ಅವನು ಹಗ್ಗ ಬೆಂಚಿನ ಮೇಲಿಟ್ಟು ಚೆಂಡು ಎಣಿಸಲು ಶುರು ಮಾಡಿದ. ಎಣಿಸಿದ್ದನ್ನೇ ಎಣಿಸಿದ.

ಅಲ್ಲಿಂದ ಅವಳು ಹೆಡ್ ಮಾಸ್ಟರ್ ಕೋಣೆಗೆ ಹೋದಳು. ಕೂರಿ ಅಂದರು, ಕೂರಲಿಲ್ಲ. "ಅಳತೆ ಕೆಡಿಸಿದ್ದು ನಾನು. ಅವರಿಗೆ ಗೊತ್ತಿರಲಿಲ್ಲ. ಬೇಕಾದ್ರೆ ಬರೆದುಕೊಳ್ಳಿ, ಹೆಬ್ಬೆಟ್ಟು ಬೇಡ, ನನಗೆ ಸಹಿ ಬರುತ್ತೆ," ಅಂದಳು.

ಆ ಭಾನುವಾರ ಕಂಬ ಬರಲಿಲ್ಲ. ಅವಳು ಎರಡು ಲೋಟ ಟೀ ಇಟ್ಟಿದ್ದಳು. ಎರಡನ್ನೂ ಅವಳೇ ಕುಡಿದಳು. ಅದರ ಮುಂದಿನ ಭಾನುವಾರ ಒಂದೇ ಲೋಟ ಇಟ್ಟಳು. ಅವತ್ತೂ ಬರಲಿಲ್ಲ. ತಂಗಿ ಫೋನ್ ಮಾಡಿ ನಾನು ಹೇಳಲಿಲ್ವಾ ಅಂದಳು. ಹೇಳಿದ್ದಳು, ನಿಜ.

ಮೂರನೇ ಶನಿವಾರ ಆರಕ್ಕೆ ಎಚ್ಚರ ಆಯಿತು. ಪೊರಕೆ ಹಿಡಿಯಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಟಳು. ಹೆಗಲ ಮೇಲೆ ಏನೂ ಇಲ್ಲದೆ ನಡೆಯುವುದು ಒಂಥರಾ ಆಯಿತು. ಮೈದಾನದ ಗೇಟಿನ ಮೇಲೆ ಪೇಂಟರು ಸೀಮೆಸುಣ್ಣದಲ್ಲಿ ಅಕ್ಷರಗಳ ಗುರುತು ಹಾಕಿದ್ದ. ಬಣ್ಣ ಇನ್ನೂ ತುಂಬಿರಲಿಲ್ಲ. ಅವಳು ಕೂಡಿಸಿಕೊಂಡು ಓದಿದಳು. ಅವರದೇ ಹೆಸರು.

ಒಳಗೆ ಕಂಬ ಒಬ್ಬನೇ ಇದ್ದ. ಟೇಪಿನ ತುದಿಯನ್ನು ಮೊಳೆಯಿಂದ ನೆಲಕ್ಕೆ ಚುಚ್ಚಿ ಆ ಕಡೆ ಹೋಗುತ್ತಿದ್ದ. ಎಳೆದರೆ ಮೊಳೆ ಕಿತ್ತು ಬರುತ್ತಿತ್ತು. ಗಟ್ಟಿ ನೆಲ. ಮತ್ತೆ ಬಂದು ಚುಚ್ಚುವುದು, ಮತ್ತೆ ಹೋಗುವುದು. ಮೂರು ಸಲ ಹಾಗಾಯಿತು. ಅವಳು ಬೇಲಿಯ ಹತ್ತಿರ ನಿಂತು ನೋಡಿದಳು. ಅವನೂ ಅವಳನ್ನು ನೋಡಿದ. ಬನ್ನಿ ಅನ್ನಲಿಲ್ಲ. ಅವಳೇ ಹೋಗಿ ಗೋಲ್ ಗೆರೆಯ ಮೇಲೆ ಕೂತು ಟೇಪಿನ ತುದಿ ನೆಲಕ್ಕೆ ಒತ್ತಿ ಹಿಡಿದಳು.

ಅವನು ಆ ಕಡೆ ಹೋಗಿ ಎಳೆದ. ನಿಂತ. ಟೇಪನ್ನು ಕೆಳಗಿಟ್ಟು, ಅದರ ಮೇಲೊಂದು ಕಲ್ಲಿಟ್ಟು, ಹನ್ನೊಂದು ಮೀಟರೂ ವಾಪಸ್ ನಡೆದು ಬಂದ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಬೆರಳು ತೆಗೀರಿ."

ತೆಗೆದಳು. ಸೊನ್ನೆ ಸರಿಯಾಗಿ ಗೆರೆಯ ಮೇಲಿತ್ತು. ಅವನು ಎದ್ದು ಹೋಗಿ ಸುಣ್ಣ ಹಾಕಿದ.

ಚೌಕದ ಗೆರೆಗೂ ಬಂದು ನೋಡಿದ. ಆ ಕಡೆಯ ಗೋಲಿಗೂ ಬಂದು ನೋಡಿದ. ಮಾತಿಲ್ಲ. ಮೇಷ್ಟ್ರೂ ಹೀಗೇ ಮಾತಾಡುತ್ತಿರಲಿಲ್ಲ. ಅದು ಬೇರೆ, ಇದು ಬೇರೆ.

ಕೊನೆಯ ಗೆರೆಗೆ ಅವನು ನೋಡಲು ಬರಲಿಲ್ಲ. ಅಲ್ಲೇ ನಿಂತು ಡಬ್ಬ ಎತ್ತಿಕೊಂಡ. ಅವಳು ತುದಿಯನ್ನು ಹಾಗೇ ಒತ್ತಿ ಹಿಡಿದು ಕೂತಿದ್ದಳು. ಮಂಡಿ ನೋಯುತ್ತಿತ್ತು.

"ಬಂದು ನೋಡಪ್ಪ," ಅಂತ ಕೂಗಿದಳು.

"ಇರಲಿ ಬಿಡಿ."

"ಇರಲಿ ಅನ್ನಬೇಡ. ಬಂದು ನೋಡು."

ಅವನು ಡಬ್ಬ ಕೆಳಗಿಟ್ಟ. ನಡೆದುಕೊಂಡು ಬಂದ. ಅವಳು ಕೈ ಬಿಚ್ಚಿ ತೋರಿಸಿದಳು.